ಒಂದು ಒಡಲು, ಮೂರು ಅಳತೆ: ಇಲ್ಲೋರ್ಸೂಟ್ ಕಯಾಕಿನ ಪ್ರಕರಣ

1959ರ ಬೇಸಿಗೆಯಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೆನ್ ಟೇಲರ್ ವಾಯವ್ಯ ಗ್ರೀನ್‌ಲ್ಯಾಂಡಿನ ಇಲ್ಲೋರ್ಸೂಟ್ ಎಂಬ ದ್ವೀಪದ ಹಳ್ಳಿಗೆ ಹೋದರು. ಅಲ್ಲಿನ ಗಂಡಸರು ಆಗಲೂ ಕಯಾಕಿನಲ್ಲಿ, ಅಂದರೆ ಒಬ್ಬರು ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರಿದಾದ ಮುಚ್ಚು ದೋಣಿಯಲ್ಲಿ, ಸೀಲ್ ಬೇಟೆಗೆ ಹೋಗುತ್ತಿದ್ದರು. ಎಮಾನುಯೆಲ್ ಕೊರ್ನೆಲಿಯುಸ್ಸೆನ್ ಎಂಬವರು ಟೇಲರ್ ಅವರ ಮೈಗೆ ಹೊಂದುವಂತೆ ಒಂದು ಕಯಾಕ್ ಕಟ್ಟಿಕೊಟ್ಟರು. ಮರದ ಚೌಕಟ್ಟು, ಅದರ ಮೇಲೆ ಬಿಗಿದು ಹೊಲಿದ ತೊಗಲು. ಟೇಲರ್ ಅದನ್ನು ಸ್ಕಾಟ್ಲೆಂಡಿಗೆ ತಂದರು. ಬ್ರಿಟನ್ನಿನ ಕಡಲ ಕಯಾಕುಗಳ ದೊಡ್ಡದೊಂದು ವಂಶ ಈ ಒಂದು ದೋಣಿಯಿಂದ ಹುಟ್ಟಿತು.

ಆ ವಂಶದ ಮೂರು ದೋಣಿಗಳನ್ನು ಇಲ್ಲಿ ಪಕ್ಕಪಕ್ಕಕ್ಕೆ ಇಟ್ಟು ನೋಡುತ್ತೇನೆ. ಮೊದಲನೆಯದು ಟೇಲರ್ ತಂದ ದೋಣಿ. ಎರಡನೆಯದು ಅದರಿಂದ ಹುಟ್ಟಿ 1972ರಲ್ಲಿ ಫೈಬರ್‌ಗ್ಲಾಸಿನಲ್ಲಿ ತಯಾರಾಗತೊಡಗಿದ ಅನಾಸ್ ಅಕ್ಯೂಟಾ. ಮೂರನೆಯದು 1975ರ ನಾರ್ಡ್‌ಕಾಪ್. ಮೂರಕ್ಕೂ ಮೂಲ ರೇಖೆ ಒಂದೇ. ಆದರೆ ಒಳಗೆ ಕೂರುವ ಮನುಷ್ಯ ಬೇರೆಯಾದ, ಹೊರುವ ಭಾರ ಬೇರೆಯಾಯಿತು, ಮಾಡಬೇಕಾದ ಕೆಲಸ ಬೇರೆಯಾಯಿತು. ಉದ್ದ, ಅಗಲ, ಆಳ, ತಳದ ಬಾಗು ಇವುಗಳಲ್ಲಿ ಯಾವುದನ್ನು ಮುಟ್ಟಿದರೆ ಹುಟ್ಟು ಹಾಕುವವನ ಅನುಭವದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ.

ಮೈಯೇ ಅಳತೆಗೋಲು

ಗ್ರೀನ್‌ಲ್ಯಾಂಡಿನಲ್ಲಿ ಕಯಾಕ್ ಕಟ್ಟುವವರು ಅಳತೆಪಟ್ಟಿ ಹಿಡಿದು ಕೂರುತ್ತಿರಲಿಲ್ಲ. ಯಾರಿಗೆ ದೋಣಿಯೋ ಅವನ ಮೈಯೇ ಅಳತೆ. ಹಳ್ಳಿಯಿಂದ ಹಳ್ಳಿಗೆ ಸೂತ್ರ ಸ್ವಲ್ಪ ಬದಲಾಗುತ್ತಿತ್ತು, ಆದರೆ ಬಹಳ ಕಡೆ ಕೇಳಿಬರುವ ಲೆಕ್ಕ ಹೀಗಿದೆ: ಎರಡೂ ಕೈ ಚಾಚಿದಾಗಿನ ಅಗಲದ ಮೂರರಷ್ಟು ಉದ್ದ, ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು ಅಗಲ. ಗೇಣು, ಮೊಳ, ಮಾರು ಎಂದು ಅಳೆದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂವಾಡಗಿತ್ತಿಯ ಮೊಳಕ್ಕೂ ಬಾವಿಯ ಹಗ್ಗದ ಮಾರಿಗೂ ಇರುವ ತರ್ಕವೇ ಇಲ್ಲಿಯೂ ಇದೆ. ದೋಣಿ ಮೂರು ಮಾರು ಉದ್ದ ಇರಬೇಕು, ಆ ಮಾರು ಹುಟ್ಟು ಹಾಕುವವನದೇ ಆಗಿರಬೇಕು.

ಲೆಕ್ಕ ಹಾಕಿ ನೋಡೋಣ. 170 ಸೆಂಟಿಮೀಟರ್ ಎತ್ತರದ ಮನುಷ್ಯನ ಮಾರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೂರು ಮಾರು ಎಂದರೆ 5.1 ಮೀಟರ್. ಸೊಂಟ 35 ಸೆಂಟಿಮೀಟರ್, ಒಂದೊಂದು ಮುಷ್ಟಿ ಎಂಟೂವರೆ. ಕೂಡಿಸಿದರೆ 52 ಸೆಂಟಿಮೀಟರ್. ಇಂದಿನ ಅಂಗಡಿಯಲ್ಲಿ ಕಡಲ ಕಯಾಕುಗಳ ಸಾಲಿನ ಮುಂದೆ ನಿಂತರೆ ಕಾಣುವುದು ಇವೇ ಅಂಕಿಗಳ ಆಸುಪಾಸು. ಅನಾಸ್ ಅಕ್ಯೂಟಾದ ಅಗಲವೂ ಸುಮಾರು 52 ಸೆಂಟಿಮೀಟರೇ. ವ್ಯತ್ಯಾಸ ಇರುವುದು ಇಲ್ಲಿ: ಅಂಗಡಿಯ ದೋಣಿ ಯಾರೋ ಒಬ್ಬ ಸರಾಸರಿ ಮನುಷ್ಯನ ಮಾರಿನಿಂದ ಹುಟ್ಟಿದ್ದು, ಕೊರ್ನೆಲಿಯುಸ್ಸೆನ್ ಕಟ್ಟಿದ್ದು ಎದುರಿಗೆ ನಿಂತಿದ್ದ ಒಬ್ಬನ ಮಾರಿನಿಂದ.

ಆ ದೋಣಿಯ ಆಕಾರ ಬೇಟೆಯಿಂದ ಬಂದದ್ದು. ಸೀಲ್ ತಲೆ ಎತ್ತಿದಾಗ ದೋಣಿ ಅದರ ಕಣ್ಣಿಗೆ ಬೀಳಬಾರದು, ಗಾಳಿ ದೋಣಿಯನ್ನು ಅತ್ತಿತ್ತ ತಳ್ಳಬಾರದು. ಆದ್ದರಿಂದ ದೋಣಿಯ ಮೇಲ್ಮೈ ನೀರಿಗೆ ಅಂಟಿದಷ್ಟು ತಗ್ಗು. ಬೇಟೆಗಾರ ಹೊರುತ್ತಿದ್ದುದು ಈಟಿ, ಹಗ್ಗ, ತೇಲುಚೀಲ, ಬೇಟೆ ಸಿಕ್ಕರೆ ಸೀಲ್. ಡೇರೆಯನ್ನೂ ಮೂರು ವಾರದ ಅಕ್ಕಿಬೇಳೆಯನ್ನೂ ಒಳಗೆ ತುಂಬುವ ಪ್ರಶ್ನೆ ಅಲ್ಲಿ ಇರಲೇ ಇಲ್ಲ. ಹಾಗಾಗಿ ಒಳಗಿನ ಜಾಗ ಕಾಲು ತೂರಿಸುವುದಕ್ಕೆ ಎಷ್ಟು ಬೇಕೋ ಅಷ್ಟು. ತಳ ಚಪ್ಪಟೆಯಲ್ಲ, ತೀರ ಚೂಪೂ ಅಲ್ಲ. ನಡುಗೆರೆಯಿಂದ ಎರಡೂ ಕಡೆಗೆ ಸ್ವಲ್ಪ ಏರುವ ಇಳಿಜಾರು, ಅದು ಮುಗಿಯುವಲ್ಲಿ ಕೈಗೆ ಸಿಗುವಂಥ ಸ್ಪಷ್ಟವಾದ ಅಂಚು, ಅಂಚಿನಿಂದ ಮೇಲೆ ಹೊರಕ್ಕೆ ವಾಲಿದ ಪಕ್ಕಗಳು. ಎರಡೂ ತುದಿಗಳು ನೀರಿನಿಂದ ಮೇಲೆದ್ದು ನಿಂತಿರುತ್ತವೆ.

ಈ ಅಂಚಿನ ಬಗ್ಗೆ ಒಂದು ಮಾತು. ನೇರವಾಗಿ ಕೂತಾಗ ನೀರನ್ನು ಸೀಳುವುದು ನಡುಗೆರೆ, ದೋಣಿ ನೆಟ್ಟಗೆ ಹೋಗುತ್ತದೆ. ಸೊಂಟ ಒತ್ತಿ ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಿದರೆ ನೀರಿಗೆ ಸಿಗುವುದು ಆ ಪಕ್ಕದ ಅಂಚು. ಅದು ತುದಿಯಿಂದ ತುದಿಗೆ ಬಿಲ್ಲಿನಂತೆ ಬಾಗಿದೆ. ಜೊತೆಗೆ ಎರಡೂ ತುದಿಗಳು ನೀರಿನ ಹಿಡಿತ ಬಿಡುತ್ತವೆ. ಬಲಕ್ಕೆ ವಾಲಿಸಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಚುಕ್ಕಾಣಿ ಇಲ್ಲ, ಹಗ್ಗ ಇಲ್ಲ, ಸೊಂಟವೇ ಚುಕ್ಕಾಣಿ. ಒಂದೇ ಒಡಲಿನೊಳಗೆ ನೇರ ಹೋಗುವ ಆಕಾರವನ್ನೂ ತಿರುಗುವ ಆಕಾರವನ್ನೂ ಅಡಗಿಸಿಟ್ಟವರ ಬುದ್ಧಿವಂತಿಕೆಗೆ ನಾನು ತಲೆಬಾಗುತ್ತೇನೆ.

ಆಳ ಹೆಚ್ಚಿಸಿದಾಗ

1964ರಲ್ಲಿ ಡಂಕನ್ ವಿನಿಂಗ್ ಈ ಕಯಾಕನ್ನು ಅಳೆದು ಅದರ ನಕ್ಷೆ ಬರೆದರು. ನಕ್ಷೆ ಕೈಯಿಂದ ಕೈಗೆ ಹರಡಿತು. ಅದು ಜೆಫ್ ಬ್ಲ್ಯಾಕ್‌ಫರ್ಡ್ ಅವರಿಗೆ ಸಿಕ್ಕಿತು, ಅವರು ಪ್ಲೈವುಡ್ಡಿನಲ್ಲಿ ಒಂದು ದೋಣಿ ಕಟ್ಟಿಕೊಂಡರು. ಟೇಲರ್ ಮೈಗೆ ಹೊಲಿದ ಅಂಗಿ ಅವರ ಮೈಗೆ ಹಿಡಿಸುವಂತಿರಲಿಲ್ಲ. ತಮಗೆ ಕೂರಲು ಆಗುವಂತೆ ಪಕ್ಕಗಳನ್ನು ಎತ್ತರಿಸಿದರು. ಆ ಪ್ಲೈವುಡ್ ದೋಣಿಯಿಂದ ತೆಗೆದ ಅಚ್ಚೇ ನಾಟಿಂಗ್‌ಹ್ಯಾಮಿನ ವ್ಯಾಲಿ ಕಂಪನಿಯ ಫ್ರಾಂಕ್ ಗುಡ್‌ಮನ್ ಅವರ ಕೈಯಲ್ಲಿ ಅನಾಸ್ ಅಕ್ಯೂಟಾ ಆಯಿತು. ಆ ಹೆಸರು ಸೂಜಿಬಾಲದ ಬಾತಿನ ಶಾಸ್ತ್ರೀಯ ನಾಮ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಹಾರಿ ಬರುವ ಅದೇ ಬಾತು. ಕತ್ತು ನೀಳ, ಬಾಲ ನೀಳ. ಎರಡೂ ತುದಿ ಸೂಜಿಯಾದ ಈ ದೋಣಿಯನ್ನು ನೋಡಿದವರಿಗೆ ಹೆಸರಿನ ಕಾರಣ ತಾನೇ ತಿಳಿಯುತ್ತದೆ.

ಬ್ಲ್ಯಾಕ್‌ಫರ್ಡ್ ಹೆಚ್ಚಿಸಿದ್ದು ಮುಖ್ಯವಾಗಿ ಆಳವನ್ನು, ನೀರಿನ ಕೆಳಗಿನ ಆಕಾರವನ್ನಲ್ಲ. ಆದ್ದರಿಂದ ತಿರುಗುವ ಗುಣ, ಅಂಚಿನ ಹಿಡಿತ, ಅಲೆಯೊಡನೆ ಹೋಗುವ ರೀತಿ ಹೆಚ್ಚುಕಡಿಮೆ ಉಳಿದುಕೊಂಡವು. ಬದಲಾದದ್ದು ನೀರಿನ ಮೇಲಿನ ಭಾಗ. ಒಳಗೆ ಮೊಣಕಾಲು ಮಡಿಸಲು ಜಾಗವಾಯಿತು, ಅಲೆ ಮೇಲೆ ಹರಿಯುವುದು ಕಡಿಮೆಯಾಯಿತು, ಆದರೆ ಗಾಳಿಗೆ ಸಿಗುವ ಗೋಡೆಯೂ ಎತ್ತರವಾಯಿತು. ಎತ್ತರದ ಮನುಷ್ಯನಿಗೆ ಇದು ನ್ಯಾಯವಾದ ವ್ಯಾಪಾರ. ಅವನ ತೂಕವೇ ದೋಣಿಯನ್ನು ಸರಿಯಾದ ಗೆರೆಗೆ ಇಳಿಸುತ್ತದೆ. ಅದೇ ದೋಣಿಯಲ್ಲಿ 50 ಕಿಲೋ ತೂಕದ, ಕುಳ್ಳಗಿನ ವ್ಯಕ್ತಿ ಕೂತರೆ ಕಥೆ ಬೇರೆ. ದೋಣಿಯ ಮೇಲ್ಮೈ ಎದೆಯ ಹತ್ತಿರಕ್ಕೆ ಬರುತ್ತದೆ, ಹುಟ್ಟನ್ನು ನೀರಿಗೆ ಇಳಿಸಲು ಪ್ರತಿ ಸಲವೂ ಕೈ ಎತ್ತಿ ಹಾಯಿಸಬೇಕಾಗುತ್ತದೆ, ಬೆರಳ ಗೆಣ್ಣುಗಳು ಅಂಚಿಗೆ ಉಜ್ಜುತ್ತವೆ. ಒಂದು ಗಂಟೆಗೆ ಸಾವಿರಾರು ಸಲ ಹುಟ್ಟು ಹಾಕುವ ಕೆಲಸದಲ್ಲಿ ಇದು ಸಣ್ಣ ಮಾತಲ್ಲ. ಭುಜನೋವಿಗೆ ತನ್ನ ತೋಳಿನ ಬಲಹೀನತೆಯೇ ಕಾರಣ ಎಂದು ಆ ವ್ಯಕ್ತಿ ತಿಳಿಯುತ್ತಾರೆ. ನಿಜವಾದ ಕಾರಣ ಬೇರೆಯವರ ಮೈಗೆ ಹೊಲಿದ ದೋಣಿ.

ಅಗಲದ ವಿಷಯದಲ್ಲಿಯೂ ಇದೇ. ದೋಣಿ ಅಗಲವಾದಷ್ಟೂ ಹುಟ್ಟಿನ ಎಲೆ ದೇಹದಿಂದ ದೂರ ಬೀಳುತ್ತದೆ. ದೂರ ಬಿದ್ದ ಎಳೆತ ದೋಣಿಯನ್ನು ಮುಂದಕ್ಕೆ ಒಯ್ಯುವುದರ ಜೊತೆಗೆ ಪಕ್ಕಕ್ಕೂ ತಿರುಗಿಸುತ್ತದೆ. ಆ ತಿರುವನ್ನು ಮುಂದಿನ ಎಳೆತ ಸರಿಪಡಿಸಬೇಕು. ಕಡಲತೀರಗಳಲ್ಲಿ ಬಾಡಿಗೆಗೆ ಸಿಗುವ ಅಗಲವಾದ ಪ್ಲಾಸ್ಟಿಕ್ ಕಯಾಕುಗಳು ಹಾವಿನಂತೆ ಹೊರಳಾಡುತ್ತ ಸಾಗುವುದಕ್ಕೆ ಇದೊಂದು ಕಾರಣ, ಅವುಗಳ ಗಿಡ್ಡ ಉದ್ದ ಇನ್ನೊಂದು.

ಹಾಗಾದರೆ ಅಗಲ ಏಕೆ ಬೇಕು? ಸ್ಥಿರತೆಗೆ. ಇಲ್ಲಿನ ಲೆಕ್ಕ ಕಣ್ಣು ತೆರೆಸುವಂಥದ್ದು. ಆಕಾರದಿಂದ ಬರುವ ಸ್ಥಿರತೆ ಅಗಲದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಉದ್ದಕ್ಕಾದರೋ ನೇರವಾಗಿ ಮಾತ್ರ. 53 ಸೆಂಟಿಮೀಟರ್ ಅಗಲದ ದೋಣಿಯನ್ನು 61 ಮಾಡಿದರೆ, ಅಂದರೆ ಶೇಕಡಾ 15ರಷ್ಟು ಹೆಚ್ಚಿಸಿದರೆ, ಆ ಸ್ಥಿರತೆ ಒಂದೂವರೆ ಪಟ್ಟಾಗುತ್ತದೆ. ನಾಲ್ಕು ಬೆರಳಷ್ಟು ಅಗಲ ಹೊಸಬರಿಗೆ ಅಷ್ಟು ದೊಡ್ಡ ಧೈರ್ಯ ಕೊಡುವುದು ಇದಕ್ಕೇ. ಆದರೆ ಚಪ್ಪಟೆಯಾದ ಅಗಲದ ದೋಣಿ ಸ್ಥಿರವಾಗಿರುವುದು ನೀರಿನ ಮೇಲ್ಮೈಗೆ ಸಮನಾಗಿ. ಕೆರೆಯಲ್ಲಿ ಆ ಮೇಲ್ಮೈ ಮಟ್ಟಸ, ಕಡಲಲ್ಲಿ ಅದು ಇಳಿಜಾರು. ಪಕ್ಕದಿಂದ ಅಲೆ ಬಂದಾಗ ಅಗಲದ ದೋಣಿ ಅಲೆಯ ಇಳಿಜಾರಿಗೆ ಅಂಟಿಕೊಂಡು ತಾನೂ ವಾಲುತ್ತದೆ, ಕೂತವನನ್ನೂ ವಾಲಿಸುತ್ತದೆ. ಕಿರಿದಾದ, ತಳ ದುಂಡಗಿನ ದೋಣಿ ಅಲೆಯನ್ನು ತನ್ನ ಕೆಳಗೆ ಹಾಯಲು ಬಿಡುತ್ತದೆ. ಸೊಂಟ ಸಡಿಲ ಬಿಟ್ಟವನು ನೆಟ್ಟಗೆ ಕೂತೇ ಇರುತ್ತಾನೆ. ನಮ್ಮ ಕರಾವಳಿಯ ಪಾತಿ ದೋಣಿ ಇದೇ ಸಮಸ್ಯೆಗೆ ಬೇರೊಂದು ಉತ್ತರ ಕಂಡುಕೊಂಡಿದೆ: ಒಡಲನ್ನು ಕಿರಿದಾಗಿಯೇ ಇಟ್ಟು, ಪಕ್ಕಕ್ಕೆ ತೇಲುಮರ ಕಟ್ಟಿ, ಅಗಲವನ್ನು ಒಡಲಿನ ಹೊರಗೆ ತಂದಿಟ್ಟಿದೆ.

ನಾರ್ಡ್‌ಕಾಪ್: ಭಾರಕ್ಕೆಂದೇ ಹುಟ್ಟಿದ ದೋಣಿ

1975ರಲ್ಲಿ ಕಾಲಿನ್ ಮೊರ್ಟ್‌ಲಾಕ್ ನೇತೃತ್ವದ ಬ್ರಿಟಿಷ್ ತಂಡವೊಂದು ನಾರ್ವೆಯ ಉತ್ತರ ತೀರದಲ್ಲಿ ನೂರ್‌ಕಾಪ್ ಭೂಶಿರದವರೆಗೆ ಕಯಾಕಿನಲ್ಲಿ ಹೋಗಲು ಹೊರಟಿತು. ಅನಾಸ್ ಅಕ್ಯೂಟಾದಲ್ಲಿ ಅಷ್ಟು ದಿನದ ಸಾಮಾನು ಹಿಡಿಸುವುದಿಲ್ಲ. ಅದೇ ಕುಲದ, ಆದರೆ ಹೊರೆ ಹೊರಬಲ್ಲ ದೋಣಿಯೊಂದನ್ನು ಗುಡ್‌ಮನ್ ರೂಪಿಸಿದರು. ಆ ಭೂಶಿರದ ಹೆಸರೇ ದೋಣಿಗೆ ನಾರ್ಡ್‌ಕಾಪ್ ಎಂದಾಯಿತು. ಉದ್ದ ಸುಮಾರು ಐದೂವರೆ ಮೀಟರ್, ಅಗಲ ಸುಮಾರು 53 ಸೆಂಟಿಮೀಟರ್. ಅಗಲವನ್ನು ಅವರು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ ಎಂಬುದನ್ನು ಗಮನಿಸಬೇಕು. ಹೆಚ್ಚಿದ್ದು ಉದ್ದ ಮತ್ತು ಒಳಗಿನ ಗಾತ್ರ. ಗ್ರೀನ್‌ಲ್ಯಾಂಡಿನ ಚೂಪು ಅಂಚು ಕರಗಿ ತಳ ದುಂಡಗಾಯಿತು. ಒಳಗೆ ಅಡ್ಡಗೋಡೆ, ಮೇಲೆ ನೀರು ಹೋಗದ ಮುಚ್ಚಳ.

ದುಂಡು ತಳಕ್ಕೆ ಕಾರಣವಿದೆ. ಒಂದೇ ಗಾತ್ರದ ನೀರನ್ನು ಸರಿಸುವ ಆಕಾರಗಳಲ್ಲಿ ಅರ್ಧವೃತ್ತದ ಅಡ್ಡಕೊಯ್ತವೇ ನೀರಿಗೆ ಅತಿ ಕಡಿಮೆ ಮೈ ತಾಗಿಸುತ್ತದೆ. ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ, ಅಂದರೆ ದಿನವಿಡೀ ಹುಟ್ಟು ಹಾಕುವವರ ಸಹಜ ನಡಿಗೆಯಲ್ಲಿ, ಕಯಾಕಿಗೆ ಎದುರಾಗುವ ತಡೆಯ ಬಹುಪಾಲು ನೀರಿನ ಘರ್ಷಣೆ. ಅಲೆ ಎಬ್ಬಿಸುವ ತಡೆ ಆಮೇಲೆ ಬರುತ್ತದೆ. ಮೀಟರಿನಲ್ಲಿ ಜಲರೇಖೆಯ ಉದ್ದದ ವರ್ಗಮೂಲವನ್ನು ನಾಲ್ಕೂವರೆಯಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಆದಾಗ ದೋಣಿ ತಾನೇ ಎಬ್ಬಿಸಿದ ಅಲೆಯ ಬೆನ್ನೇರಲು ಹೆಣಗುತ್ತದೆ ಎಂಬುದು ಸಿಗುತ್ತದೆ. ನೀರಿಗೆ ತಾಗುವ ಉದ್ದ 4.3 ಮೀಟರ್ ಇದ್ದರೆ ಇದು 9.3, 4.8 ಇದ್ದರೆ 9.9. ಅರ್ಧ ಮೀಟರ್ ಉದ್ದಕ್ಕೆ ಸಿಗುವ ಲಾಭ ಗಂಟೆಗೆ ಸುಮಾರು ಅರ್ಧ ಕಿಲೋಮೀಟರ್. ಅದೂ ನಮ್ಮಲ್ಲಿ ಹೆಚ್ಚಿನವರು ಹತ್ತು ನಿಮಿಷ ಕೂಡ ಉಳಿಸಿಕೊಳ್ಳಲಾರದ ವೇಗದಲ್ಲಿ. ಕೆಳಗಿನ ವೇಗದಲ್ಲಿ ಹೆಚ್ಚುವರಿ ಉದ್ದ ಎಂದರೆ ಉಜ್ಜಲು ಹೆಚ್ಚುವರಿ ಮೈ. ಉದ್ದದ ದೋಣಿ ವೇಗದ ದೋಣಿ ಎಂಬ ಮಾತು ತೋಳಿನಲ್ಲಿ ಕಸುವಿರುವವರಿಗೆ ನಿಜ. ಉಳಿದವರಿಗೆ ಆ ಮಾತು ಹೇಳಿ ದೋಣಿ ಮಾರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ನಾರ್ಡ್‌ಕಾಪಿನ ಉದ್ದ ಓಟಕ್ಕಿಂತ ಹೆಚ್ಚಾಗಿ ಹೊರೆಗೆ. ಇಂಥ ದೋಣಿ ನೀರಿನ ಮಟ್ಟದಲ್ಲಿ ಆವರಿಸುವ ಜಾಗ ಸ್ಥೂಲವಾಗಿ 1.6 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಅದು ಒಂದು ಸೆಂಟಿಮೀಟರ್ ಕೆಳಗಿಳಿಯಲು ಸುಮಾರು 16 ಕಿಲೋ ಉಪ್ಪುನೀರನ್ನು ಸರಿಸಬೇಕು. ಡೇರೆ, ಬಟ್ಟೆ, ಸ್ಟೌವ್, ಆಹಾರ, ಕುಡಿಯುವ ನೀರು ಸೇರಿ 60 ಕಿಲೋ ತುಂಬಿದರೆ ದೋಣಿ ನಾಲ್ಕು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಇಳಿಯುತ್ತದೆ. ನಾಲ್ಕು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ಆದರೆ ಆ ನಾಲ್ಕರಲ್ಲಿ ಮೇಲೆದ್ದಿದ್ದ ಮೂತಿಯೂ ಬಾಲವೂ ಒಂದಿಷ್ಟು ನೀರಿಗೆ ಸೇರುತ್ತವೆ, ಜಲರೇಖೆ ಉದ್ದವಾಗುತ್ತದೆ, ದೋಣಿ ಸುಲಭಕ್ಕೆ ದಾರಿ ಬಿಡುವುದಿಲ್ಲ. ಗಾಳಿಗೆ ಸಿಗುತ್ತಿದ್ದ ಗೋಡೆ ತಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸಾಮಾನು ಇರುವುದು ತಳದಲ್ಲಿ, ಮನುಷ್ಯನ ಸೊಂಟಕ್ಕಿಂತ ಕೆಳಗೆ. ಒಟ್ಟು ಭಾರದ ಕೇಂದ್ರ ಕೆಳಗಿಳಿಯುತ್ತದೆ.

ನಾರ್ಡ್‌ಕಾಪಿನ ಬಗ್ಗೆ ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳು ಯಾಕೆ ಕೇಳಿಬರುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ. ಖಾಲಿ ಕೂತವರು ಇದು ಗಡಗಡ ಅಲುಗುತ್ತದೆ, ಕೂರುವುದೇ ಕಷ್ಟ ಎನ್ನುತ್ತಾರೆ. ತುಂಬಿಕೊಂಡು ಹೊರಟವರು ಇಷ್ಟು ನಂಬಿಗಸ್ತ ದೋಣಿ ಇನ್ನೊಂದಿಲ್ಲ ಎನ್ನುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ, ಏಕೆಂದರೆ ಇಬ್ಬರೂ ಕೂತದ್ದು ಒಂದೇ ಅಚ್ಚಿನಿಂದ ಬಂದ ಎರಡು ಬೇರೆ ಬೇರೆ ದೋಣಿಗಳಲ್ಲಿ.

ಹೊರೆ ಹೊತ್ತ ನಾರ್ಡ್‌ಕಾಪ್ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಬೇಗನೇ ಸಿಕ್ಕಿತು. 1977ರಲ್ಲಿ ಗುಡ್‌ಮನ್ ಸ್ವತಃ ಇನ್ನೂ ಮೂವರೊಡನೆ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಅನ್ನು ಈ ದೋಣಿಗಳಲ್ಲಿ ಸುತ್ತಿ ಬಂದರು. ನ್ಯೂಜಿಲೆಂಡಿನ ಪಾಲ್ ಕ್ಯಾಫಿನ್ ಇಡೀ ಆಸ್ಟ್ರೇಲಿಯಾವನ್ನು ನಾರ್ಡ್‌ಕಾಪಿನಲ್ಲಿ ಒಬ್ಬರೇ ಸುತ್ತಿದರು. 1981ರ ಡಿಸೆಂಬರ್ ಕೊನೆಯಲ್ಲಿ ಹೊರಟು 1982ರ ಡಿಸೆಂಬರಿನಲ್ಲಿ ಮುಗಿಸಿದ ಆ ಪ್ರಯಾಣಕ್ಕೆ 360 ದಿನ ಹಿಡಿಯಿತು. ದಡ ಸೇರಲು ಜಾಗವೇ ಇಲ್ಲದ ಬಂಡೆಗೋಡೆಗಳ ಉದ್ದಕ್ಕೂ ಅವರು ರಾತ್ರಿಯಿಡೀ ನಿದ್ದೆಯಿಲ್ಲದೆ ಹುಟ್ಟು ಹಾಕಿದರು. ಅಂಥ ರಾತ್ರಿಯಲ್ಲಿ ಕೂತ ದೋಣಿ ಒಂದೊಂದು ಅಲೆಗೂ ಸೊಂಟದಿಂದ ಸಮತೋಲನ ಬೇಡುವಂತಿದ್ದರೆ ಬೆಳಗಾಗುವುದರೊಳಗೆ ಯಾರೇ ಆದರೂ ಸೋಲುತ್ತಾರೆ.

ಗಾಳಿ ಹೇಳಿದ ತಪ್ಪು

ದೋಷವನ್ನೂ ಹೇಳಬೇಕು. ಪಕ್ಕದಿಂದ ಗಾಳಿ ಬೀಸುವಾಗ ಮುಂದೆ ಸಾಗುತ್ತಿರುವ ಕಯಾಕ್ ತನ್ನಷ್ಟಕ್ಕೆ ಗಾಳಿಯ ಕಡೆಗೆ ಮೂತಿ ತಿರುಗಿಸುತ್ತದೆ. ಮೂತಿ ಕಲಕದ ನೀರನ್ನು ಒತ್ತಿಕೊಂಡು ಹೋಗುವುದರಿಂದ ಅದಕ್ಕೆ ಹಿಡಿತ ಹೆಚ್ಚು. ಬಾಲ ಇರುವುದು ಆಗಲೇ ಕಲಕಿದ ನೀರಿನಲ್ಲಿ, ಅದಕ್ಕೆ ಹಿಡಿತ ಕಡಿಮೆ. ಗಾಳಿ ಬಾಲವನ್ನು ತಳ್ಳುತ್ತದೆ, ಮೂತಿ ಗಾಳಿಗೆದುರಾಗಿ ನಿಲ್ಲುತ್ತದೆ. ಎಲ್ಲ ಕಯಾಕುಗಳಲ್ಲೂ ಇದು ಒಂದಿಷ್ಟು ಇದ್ದೇ ಇದೆ. ಖಾಲಿಯಾಗಿ, ಎತ್ತರಕ್ಕೆ ತೇಲುವ ನಾರ್ಡ್‌ಕಾಪಿನಲ್ಲಿ ಇದು ಜೋರಾಗಿಯೇ ಕಾಣಿಸಿಕೊಂಡಿತು. ಇಡೀ ಮಧ್ಯಾಹ್ನ ಒಂದೇ ಕಡೆಗೆ ಹೆಚ್ಚು ಬಲ ಹಾಕಿ ಹುಟ್ಟು ಹಾಕುವುದು ಎಂಥ ಶಿಕ್ಷೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಪರಿಹಾರವಾಗಿ ಬಾಲದ ತಳಕ್ಕೆ ಕದಲದ ರೆಕ್ಕೆಯೊಂದನ್ನು ಒಡಲಿನ ಭಾಗವಾಗಿಯೇ ಸೇರಿಸಿದ ಎಚ್‌ಎಂ ಎಂಬ ರೂಪ ಬಂದಿತು. ಬಾಲಕ್ಕೆ ಹಿಡಿತ ಸಿಕ್ಕಿತು, ದೋಣಿ ಗೆರೆ ಎಳೆದಂತೆ ಹೋಗತೊಡಗಿತು. ಆದರೆ ತಿರುಗಬೇಕೆಂದಾಗ ಹಟ ಹಿಡಿಯುವ ದೋಣಿಯಾಯಿತು. ಸೊಂಟ ವಾಲಿಸಿದರೆ ತಿರುಗುವ ಗ್ರೀನ್‌ಲ್ಯಾಂಡಿನ ಗುಣವನ್ನು ಆ ರೆಕ್ಕೆ ನುಂಗಿಬಿಟ್ಟಿತ್ತು. ಮುಂದೆ ಬೇಕಾದಾಗ ಇಳಿಸಿ ಬೇಡವಾದಾಗ ಒಳಗೆಳೆಯುವ ಬಾಲದ ರೆಕ್ಕೆ, ಅಂದರೆ ಸ್ಕೆಗ್, ಕಡಲ ಕಯಾಕುಗಳಲ್ಲಿ ಸಾಮಾನ್ಯವಾದ ಮೇಲೆ ಈ ಜಗಳಕ್ಕೆ ನಡುದಾರಿ ಸಿಕ್ಕಿತು. ಸ್ಕೆಗ್ಗನ್ನು ಪೂರ್ತಿ ಇಳಿಸಿದರೆ ದೋಣಿ ಗಾಳಿಗೆ ಬೆನ್ನು ಕೊಡುತ್ತದೆ, ಪೂರ್ತಿ ಎತ್ತಿದರೆ ಗಾಳಿಗೆ ಮುಖ ಕೊಡುತ್ತದೆ, ಅರ್ಧದಲ್ಲಿ ನಿಲ್ಲಿಸಿದರೆ ನೇರ ಹೋಗುತ್ತದೆ. ಸಾಮಾನನ್ನು ಹಿಂದೆ ಮುಂದೆ ಸರಿಸಿಯೂ ಇದನ್ನೇ ಸಾಧಿಸಬಹುದು: ಬಾಲಕ್ಕೆ ಭಾರ ಹಾಕಿದರೆ ಬಾಲಕ್ಕೆ ಹಿಡಿತ. ನೀರಿನ ಬಾಟಲಿಗಳನ್ನು ಎಲ್ಲಿಡುತ್ತೇವೆ ಎಂಬುದೂ ಒಡಲಿನ ವಿನ್ಯಾಸದ ಭಾಗವೇ.

ಇಷ್ಟಾಗಿಯೂ ನಾರ್ಡ್‌ಕಾಪ್ ಎಂಬ ಹೆಸರಿಗೆ ಕೀರ್ತಿ ಅಂಟಿತ್ತು. ಕೇಪ್ ಹಾರ್ನ್ ಸುತ್ತಿದ ದೋಣಿ ಯಾರಿಗೆ ಬೇಡ? ಭಾನುವಾರ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮರಳುವವರೂ ಅದನ್ನೇ ಬಯಸಿದರು. ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು ಇಟ್ಟುಕೊಂಡು, ಮೂರು ವಾರದ ಹೊರೆಗೆ ರೂಪಿಸಿದ ಒಡಲಿನಲ್ಲಿ ಕೂತರು. ಹಗುರ ಮೈಯವರಿಗೆ, ಅವರಲ್ಲಿ ಹೆಚ್ಚಿನ ಹೆಂಗಸರಿಗೆ, ಇದು ಇಮ್ಮಡಿ ಅನ್ಯಾಯ. ಮೈಯ ಭಾರವೂ ಇಲ್ಲ, ಸಾಮಾನಿನ ಭಾರವೂ ಇಲ್ಲ. ನಂತರದ ವರ್ಷಗಳಲ್ಲಿ ಅದೇ ನಾರ್ಡ್‌ಕಾಪಿನ ಕಡಿಮೆ ಗಾತ್ರದ ರೂಪವೊಂದು ಎಲ್‌ವಿ ಎಂಬ ಹೆಸರಿನಲ್ಲಿ ಬಂದಿತು. ಬ್ಲ್ಯಾಕ್‌ಫರ್ಡ್ ಎತ್ತರಿಸಿದ ಗೋಡೆಯನ್ನು ಗುಡ್‌ಮನ್ ಹಿಗ್ಗಿಸಿದ್ದರು, ಈಗ ಅದು ಮತ್ತೆ ಮನುಷ್ಯನ ಮೈಯ ಕಡೆಗೆ ತಗ್ಗಿತು.

ಇಲ್ಲೋರ್ಸೂಟಿನಲ್ಲಿ ಇಂದು ಜನವಿಲ್ಲ. 2017ರ ಜೂನಿನಲ್ಲಿ ಸಮೀಪದ ಫಿಯೋರ್ಡಿಗೆ ಬೆಟ್ಟದ ಪಕ್ಕ ಕುಸಿದು ಎದ್ದ ಸುನಾಮಿ ನೆರೆಯ ನೂಗಾಟ್ಸಿಯಾಕ್ ಹಳ್ಳಿಯನ್ನು ಬಡಿದು ನಾಲ್ವರನ್ನು ಒಯ್ದಿತು. ಇನ್ನೊಮ್ಮೆ ಕುಸಿಯುವ ಭಯದಿಂದ ಇಲ್ಲೋರ್ಸೂಟನ್ನೂ ಖಾಲಿ ಮಾಡಿಸಲಾಯಿತು. ಕೊರ್ನೆಲಿಯುಸ್ಸೆನ್ ದೋಣಿ ಕಟ್ಟಿದ ದಡ ಬರಿದಾಗಿದೆ. ಅವರ ಕೈಯ ರೇಖೆ ಮಾತ್ರ ಫೈಬರ್‌ಗ್ಲಾಸಿನಲ್ಲಿಯೂ ಮನೆಯಂಗಳದಲ್ಲಿ ಕಟ್ಟುವವರ ಮರದ ಚೌಕಟ್ಟುಗಳಲ್ಲಿಯೂ ಲೋಕದ ಬಹಳಷ್ಟು ಕಡಲುಗಳಲ್ಲಿ ತೇಲುತ್ತಿದೆ.

ದೊಡ್ಡ ಗಾತ್ರದ ದೋಣಿ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಮಾರಬೇಕಿಲ್ಲ. ಮೊದಲು ಸೀಟನ್ನು ನೋಡಿ. ಎರಡು ಮೂರು ಸೆಂಟಿಮೀಟರ್ ತಗ್ಗಿಸಲು ಸಾಧ್ಯವಿದ್ದರೆ ತಗ್ಗಿಸಿ, ಸೊಂಟದ ಎರಡೂ ಪಕ್ಕಕ್ಕೆ ಫೋಮ್ ತುಂಬಿ. ಆಮೇಲೆ ಹತ್ತು ಲೀಟರಿನ ಎರಡು ನೀರಿನ ಚೀಲಗಳನ್ನು ತುಂಬಿ, ಒಂದನ್ನು ಸೀಟಿನ ಹಿಂದಿನ ಗೋಡೆಗೆ ಒತ್ತಿ, ಇನ್ನೊಂದನ್ನು ಪಾದಗಳಾಚೆಯ ಗೋಡೆಯ ಮುಂದೆ, ಎರಡನ್ನೂ ನಡುಗೆರೆಯ ಮೇಲೆ, ಉರುಳದಂತೆ ಕಟ್ಟಿ. ಪಕ್ಕದ ಗಾಳಿ ಇರುವ ದಿನ ದಡದ ಹತ್ತಿರವೇ ಅರ್ಧ ಗಂಟೆ ಹುಟ್ಟು ಹಾಕಿ. ದೋಣಿ ಗಾಳಿಗೆ ಮುಖ ತಿರುಗಿಸುತ್ತಿದ್ದರೆ ಮುಂದಿನ ಚೀಲವನ್ನೂ ಹಿಂದಕ್ಕೆ ತನ್ನಿ. ಗಾಳಿಗೆ ಬೆನ್ನು ತಿರುಗಿಸುತ್ತಿದ್ದರೆ ಹಿಂದಿನ ಚೀಲದಿಂದ ಒಂದೆರಡು ಲೀಟರ್ ಚೆಲ್ಲಿ.